ನಾರ್ದರ್ನ್ ಲೈಟ್ಸ್ ಪ್ರವಾಸ: ಮೊದಲು ಮೋಡದ ಲೆಕ್ಕ ಹಾಕಿ

ನಾರ್ದರ್ನ್ ಲೈಟ್ಸ್, ಅಂದರೆ ಉತ್ತರ ಧ್ರುವದ ಸುತ್ತಿನ ದೇಶಗಳಲ್ಲಿ ರಾತ್ರಿ ಆಕಾಶದಲ್ಲಿ ಕುಣಿಯುವ ಬೆಳಕು (ಅರೋರಾ), ನೋಡಬೇಕು ಅಂತ ಮನಸ್ಸಾದವರು ಸಾಮಾನ್ಯವಾಗಿ ಮೊದಲು ಫೋನಿಗೆ ಒಂದು ಅರೋರಾ ಆ್ಯಪ್ ಹಾಕಿಕೊಳ್ಳುತ್ತಾರೆ. ಅದರಲ್ಲಿ ಭೂಮಿಯ ಕಾಂತಕ್ಷೇತ್ರದ ಅಲುಗಾಟ ಹೇಳುವ ಕೆಪಿ ಎಂಬ ನಂಬರ್ ಬರುತ್ತದೆ. ಇವತ್ತು 2, ನಾಳೆ 4. ಎರಡಿದ್ದರೆ ಬೇಜಾರು, ಐದಾದರೆ ಕುಣಿದಾಟ. ಆದರೆ ನಾರ್ವೆಯ ಟ್ರೋಮ್ಸೊ ಊರಿನಲ್ಲಿ ರಾತ್ರಿ ಹೊತ್ತು ಪ್ರವಾಸಿಗರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೊರಡುವ ಗೈಡ್‌ಗಳು ಆ ನಂಬರನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಅವರ ಕಣ್ಣು ಮೋಡದ ನಕ್ಷೆಯ ಮೇಲೆ. ಯಾವ ಕಣಿವೆಯಲ್ಲಿ ಆಕಾಶ ಬಿಟ್ಟಿದೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ, ಇಷ್ಟೇ ಅವರ ಲೆಕ್ಕ.

ಕಾರಣ ಇದೆ. ಟ್ರೋಮ್ಸೊದಂಥ ಊರಿನ ನೆತ್ತಿಯ ಮೇಲೆ ಅರೋರಾ ಹೆಚ್ಚುಕಡಿಮೆ ದಿನಾ ಇರುತ್ತದೆ. ಕಾಣುವುದು, ಕಾಣದಿರುವುದು ಮೋಡದ ಕೈಲಿದೆ. ಇದೊಂದು ಮಾತು ತಲೆಯಲ್ಲಿ ಕೂತರೆ ಯಾವ ಊರು, ಯಾವ ತಿಂಗಳು, ಎಷ್ಟು ರಾತ್ರಿ ಎಂಬ ಪ್ರಶ್ನೆಗಳೆಲ್ಲ ತಾವಾಗಿಯೇ ಸುಲಭವಾಗುತ್ತವೆ. ಅದಕ್ಕೆ ಮೊದಲು ಆಕಾಶದಲ್ಲಿ ನಿಜವಾಗಿ ಆಗುವುದೇನು ಅಂತ ನೋಡೋಣ.

ಆ ಬೆಳಕು ಎಲ್ಲಿಂದ ಬರುತ್ತದೆ?

ಸೂರ್ಯ ಬರೀ ಬೆಳಕು, ಶಾಖ ಕೊಟ್ಟು ಸುಮ್ಮನಿರುವುದಿಲ್ಲ. ಎಲೆಕ್ಟ್ರಾನ್, ಪ್ರೋಟಾನ್‌ಗಳಂಥ ಕಣಗಳನ್ನೂ ಎಲ್ಲ ದಿಕ್ಕಿಗೂ ಚೆಲ್ಲುತ್ತಲೇ ಇರುತ್ತಾನೆ. ಇದಕ್ಕೆ ಸೌರ ಮಾರುತ ಅನ್ನುತ್ತಾರೆ. ಸಾಧಾರಣ ದಿನಗಳಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಅಷ್ಟು ವೇಗವಿದ್ದರೂ 15 ಕೋಟಿ ಕಿಲೋಮೀಟರ್ ದಾಟಿ ಭೂಮಿಗೆ ಬರಲು ನಾಲ್ಕು ದಿನ ಬೇಕು. ಸೂರ್ಯನ ಮೇಲೆ ದೊಡ್ಡ ಸ್ಫೋಟವಾಗಿ ಕಣಗಳ ರಾಶಿಯೇ ಎದ್ದು ಬಂದರೆ ಒಂದೆರಡು ದಿನದಲ್ಲೇ ತಲುಪುವುದೂ ಉಂಟು.

ಸೂರ್ಯನ ಕಣಗಳು ನೇರವಾಗಿ ಬಂದು ಧ್ರುವಕ್ಕೆ ಬಡಿದು ಹೊಳೆಯುತ್ತವೆ ಅಂತ ತುಂಬ ಕಡೆ ಬರೆದಿರುತ್ತದೆ. ಅದು ಅಷ್ಟು ಸರಳವಾಗಿಲ್ಲ. ಬಂದ ಕಣಗಳಲ್ಲಿ ಬಹುಪಾಲನ್ನು ಭೂಮಿಯ ಕಾಂತಕ್ಷೇತ್ರ ಪಕ್ಕಕ್ಕೆ ತಳ್ಳಿಬಿಡುತ್ತದೆ. ಆದರೆ ಈ ತಳ್ಳಾಟದಲ್ಲಿ ಕಾಂತಕ್ಷೇತ್ರವೂ ಹಿಗ್ಗುತ್ತದೆ. ಸೂರ್ಯನಿಗೆ ಬೆನ್ನು ಹಾಕಿದ ರಾತ್ರಿಯ ಬದಿಯಲ್ಲಿ ಅದು ಲಕ್ಷಾಂತರ ಕಿಲೋಮೀಟರ್ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅಲ್ಲಿ ಶಕ್ತಿ ಜಮಾ ಆಗುತ್ತಾ ಹೋಗಿ, ಒಂದು ಹಂತದಲ್ಲಿ ತಡೆಯಲಾರದೆ ತಟ್ಟನೆ ಬಿಡುಗಡೆಯಾಗುತ್ತದೆ. ಆಗ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಜಾಡು ಹಿಡಿದು ಕೆಳಗಿಳಿದು ನಮ್ಮ ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸುತ್ತವೆ. ನಾವು ನೋಡುವುದು ಆ ಅಪ್ಪಳಿಕೆಯಿಂದ ಹುಟ್ಟಿದ ಬೆಳಕನ್ನು. ರಾತ್ರಿಯಲ್ಲಿ ಅರೋರಾ ಸಪ್ಪಗಿದ್ದು ಇದ್ದಕ್ಕಿದ್ದಂತೆ ಹತ್ತು ನಿಮಿಷ ಹುಚ್ಚೆದ್ದು ಕುಣಿಯುವುದು ಇದೇ ಕಾರಣಕ್ಕೆ.

ಬಣ್ಣ ಯಾವುದು ಅನ್ನುವುದು ಯಾವ ಅನಿಲಕ್ಕೆ, ಎಷ್ಟು ಎತ್ತರದಲ್ಲಿ ಬಡಿಯಿತು ಎನ್ನುವುದರ ಮೇಲಿದೆ. ನೆಲದಿಂದ 100 ರಿಂದ 150 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣು ಹಸಿರು ಬೆಳಕು ಕೊಡುತ್ತದೆ. ಎಲ್ಲರೂ ಫೋಟೋದಲ್ಲಿ ನೋಡಿರುವುದು ಇದನ್ನೇ. 200 ಕಿಲೋಮೀಟರ್‌ಗಿಂತ ಮೇಲೆ ಅದೇ ಆಮ್ಲಜನಕ ಕೆಂಪು ಬೆಳಕು ಕೊಡುತ್ತದೆ. ಹಸಿರು ಹೊಮ್ಮಲು ಪರಮಾಣುವಿಗೆ ಒಂದು ಸೆಕೆಂಡಿಗಿಂತ ಕಡಿಮೆ ಸಾಕು. ಕೆಂಪಿಗೆ ಸುಮಾರು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಬೇರೆ ಯಾರೂ ಬಂದು ಡಿಕ್ಕಿ ಹೊಡೆಯಬಾರದು. ಗಾಳಿ ತೀರಾ ವಿರಳವಾಗಿರುವ ಎತ್ತರದಲ್ಲಷ್ಟೇ ಅದು ಸಾಧ್ಯ. ಪರದೆಯಂತೆ ಇಳಿಬಿದ್ದ ಅರೋರಾದ ಕೆಳ ಅಂಚಿನಲ್ಲಿ ಕೆಲವೊಮ್ಮೆ ಕಾಣುವ ಗುಲಾಬಿ, ನೇರಳೆ ಸಾರಜನಕದ್ದು.

ಅರೋರಾದ ಬೆನ್ನು ಹತ್ತಿದವರಲ್ಲಿ ನಾರ್ವೆಯ ಕ್ರಿಸ್ಟಿಯಾನ್ ಬರ್ಕೆಲಾಂಡ್ ದೊಡ್ಡ ಹೆಸರು. 1899ರಲ್ಲಿ ಆಲ್ಟಾ ಊರಿನ ಹತ್ತಿರದ ಹಾಲ್ಡೆ ಬೆಟ್ಟದ ತುದಿಯಲ್ಲಿ ಅವರು ವೀಕ್ಷಣಾಲಯ ಕಟ್ಟಿಸಿದರು. ಆಮೇಲೆ ಗಾಜಿನ ಪೆಟ್ಟಿಗೆಯೊಳಗೆ ಗಾಳಿ ತೆಗೆದು, ಅಯಸ್ಕಾಂತ ಇಟ್ಟ ಗೋಲದ ಮೇಲೆ ಎಲೆಕ್ಟ್ರಾನ್ ಹಾಯಿಸಿ, ಪುಟ್ಟ ಅರೋರಾವನ್ನೇ ಮಾಡಿ ತೋರಿಸಿದರು. ಅವರು ಬದುಕಿದ್ದಾಗ ಸೂರ್ಯನಿಂದ ಬರುವ ಕಣಗಳೇ ಅರೋರಾಗೆ ಕಾರಣ ಎಂಬ ಅವರ ವಾದವನ್ನು ಎಷ್ಟೋ ಜನ ಒಪ್ಪಲಿಲ್ಲ. ಉಪಗ್ರಹಗಳ ಕಾಲ ಬಂದ ಮೇಲೆ ಅವರ ಮಾತಿನ ತಿರುಳು ಸರಿಯಿತ್ತು ಅಂತ ಗೊತ್ತಾಯಿತು. 1994ರಲ್ಲಿ ನಾರ್ವೆ ತನ್ನ 200 ಕ್ರೋನರ್ ನೋಟಿನ ಮೇಲೆ ಅವರ ಮುಖ ಅಚ್ಚು ಹಾಕಿಸಿತು.

ಉಂಗುರ ಮತ್ತು ಕೆಪಿ

ಅರೋರಾ ಧ್ರುವದ ಮೇಲೆ ಇರುವುದಿಲ್ಲ. ಧ್ರುವದ ಸುತ್ತ ಉಂಗುರದ ಆಕಾರದಲ್ಲಿರುತ್ತದೆ. ಅದೂ ಭೂಗೋಳದ ಧ್ರುವದ ಸುತ್ತ ಅಲ್ಲ, ಕಾಂತಧ್ರುವದ ಸುತ್ತ. ಸಾಮಾನ್ಯ ದಿನಗಳಲ್ಲಿ ಈ ಉಂಗುರ ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳ ಉತ್ತರ ತುದಿ, ಐಸ್‌ಲ್ಯಾಂಡ್, ಕೆನಡಾದ ಯೆಲ್ಲೋನೈಫ್, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಮೇಲೆ ಹಾದುಹೋಗುತ್ತದೆ. ಜಾಸ್ತಿ ಉತ್ತರಕ್ಕೆ ಹೋದಷ್ಟೂ ಜಾಸ್ತಿ ಕಾಣುತ್ತದೆ ಎನ್ನುವುದು ತಪ್ಪು ಲೆಕ್ಕ. 78 ಡಿಗ್ರಿ ಅಕ್ಷಾಂಶದಲ್ಲಿರುವ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿಗೆ ಹೋದರೆ ನೀವು ಉಂಗುರವನ್ನು ದಾಟಿ ಒಳಗೆ ಹೋಗಿಬಿಟ್ಟಿರುತ್ತೀರಿ.

ಕೆಪಿ ಅನ್ನುವುದು ಇಡೀ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಅಲುಗಾಡಿತು ಎಂಬುದರ ಸರಾಸರಿ. ಸೊನ್ನೆಯಿಂದ 9ರವರೆಗೆ ಇರುತ್ತದೆ. ಈ ನಂಬರ್ ಏರಿದಷ್ಟೂ ಉಂಗುರ ದಪ್ಪವಾಗಿ ದಕ್ಷಿಣಕ್ಕೆ ಜಾರುತ್ತದೆ. ಅಂದರೆ ಕೆಪಿ ಹೇಳುವುದು ಅರೋರಾ ಎಷ್ಟು ದಕ್ಷಿಣದವರೆಗೆ ಕಾಣಬಹುದು ಎಂಬುದನ್ನು. ಲಂಡನ್, ಬರ್ಲಿನ್‌ನಲ್ಲಿ ಕೂತವರಿಗೆ ಅದು ಮುಖ್ಯ. ಟ್ರೋಮ್ಸೊದಲ್ಲಿ ಇರುವವರಿಗೆ ಕೆಪಿ 1 ಅಥವಾ 2 ಇದ್ದರೂ ಉಂಗುರ ಹೆಚ್ಚುಕಡಿಮೆ ತಲೆ ಮೇಲೆಯೇ ಇರುತ್ತದೆ. ಕೆಪಿ 2 ಅಂತ ನೋಡಿ ಹೋಟೆಲಿನಲ್ಲಿ ಮಲಗಿದವರು ಬೆಳಿಗ್ಗೆ ತಿಂಡಿ ಹೊತ್ತಿಗೆ ಪಕ್ಕದ ಮೇಜಿನವರ ಫೋಟೋ ನೋಡಿ ಹಲ್ಲು ಕಡಿಯುವುದು ಆ ಊರಿನಲ್ಲಿ ಹೊಸದೇನಲ್ಲ.

ಕೆಪಿ ತುಂಬ ಏರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶದಲ್ಲೇ ನೋಡಿದ್ದೇವೆ. 2024ರ ಮೇ 10ರ ರಾತ್ರಿ ಎರಡು ದಶಕಗಳಲ್ಲೇ ಅತಿ ದೊಡ್ಡ ಸೌರ ಬಿರುಗಾಳಿ ಭೂಮಿಗೆ ಬಡಿಯಿತು. ಕೆಪಿ 9 ಮುಟ್ಟಿತು. ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇದೆ. ಅಲ್ಲಿನ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದಲೇ ನಡೆಸುತ್ತಾರೆ. ಆ ರಾತ್ರಿ ಹಾನ್ಲೆಯ ಆಕಾಶ ಕ್ಯಾಮೆರಾಗಳಲ್ಲಿ ಉತ್ತರದ ದಿಗಂತ ಕೆಂಪಾಗಿದ್ದು ಸೆರೆಯಾಯಿತು. ಹಸಿರು ಮಾತ್ರ ಇರಲಿಲ್ಲ. ಯಾಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ಅಷ್ಟು ದೂರದಿಂದ ನೋಡುವಾಗ ಕೆಳಗಿನ ಹಸಿರು ಪದರ ಭೂಮಿಯ ಬಾಗಿನ ಹಿಂದೆ ಮರೆಯಾಗುತ್ತದೆ. ಎತ್ತರದಲ್ಲಿರುವ ಕೆಂಪು ಮಾತ್ರ ತಲೆ ಎತ್ತಿ ಕಾಣುತ್ತದೆ. ಆದರೆ ಇಂಥದ್ದನ್ನು ನಂಬಿ ಲಡಾಖ್‌ಗೆ ಟಿಕೆಟ್ ಮಾಡಲು ಆಗುವುದಿಲ್ಲ.

ಒಂದು ಸಂಜೆಯ ಅರೋರಾ ಹೇಗಿರಬಹುದು ಎಂದು ತಿಳಿಯಲು ಕೆಪಿಗಿಂತ ಒಳ್ಳೆಯ ಸುಳಿವು ಇನ್ನೊಂದಿದೆ. ಸೌರ ಮಾರುತ ತನ್ನ ಜೊತೆ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಬರುತ್ತದೆ. ಅದರ ದಿಕ್ಕು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಜೊತೆ ಬೆಸೆದುಕೊಳ್ಳುತ್ತದೆ, ಶಕ್ತಿ ಒಳಗೆ ಹರಿಯುತ್ತದೆ. ಉತ್ತರಕ್ಕಿದ್ದರೆ ಎಂಥ ಬಿರುಗಾಳಿ ಬಂದರೂ ಅಷ್ಟೇನೂ ಆಗುವುದಿಲ್ಲ. ಆ್ಯಪ್‌ಗಳಲ್ಲಿ ಇದನ್ನು ಬಿ-ಝಡ್ ಅಂತ ತೋರಿಸುತ್ತಾರೆ. ಅದು ಮೈನಸ್ (ಅಂದರೆ ದಕ್ಷಿಣಕ್ಕೆ) ಇದ್ದು, ಒಂದರ್ಧ ಗಂಟೆ ಹಾಗೇ ಉಳಿದರೆ ಕೋಟು ಹಾಕಿಕೊಂಡು ಹೊರಡಿ.

ಈ ಬಿ-ಝಡ್ ಅಳೆಯುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಸೂರ್ಯನ ದಿಕ್ಕಿನಲ್ಲಿರುವ ಎಲ್-1 ಎಂಬ ಜಾಗದಲ್ಲಿ. ಅಮೆರಿಕದ ಏಸ್ ನೌಕೆ 1997ರಲ್ಲಿ ಹೊರಟು ಅಲ್ಲಿಗೆ ಹೋಯಿತು. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲೇ ಇದೆ. ಅದರ ಮುಖ್ಯ ಉಪಕರಣ ತಯಾರಾಗಿದ್ದು ಬೆಂಗಳೂರಿನ ಅದೇ ಖಭೌತ ಸಂಸ್ಥೆಯಲ್ಲಿ. ಎಲ್-1ರಲ್ಲಿ ಅಳೆದ ಮಾರುತ ಭೂಮಿಗೆ ಬರಲು ಅರ್ಧದಿಂದ ಒಂದು ಗಂಟೆ ಸಾಕು. ಹಾಗಾಗಿ ಖಚಿತವಾದ ಮುನ್ಸೂಚನೆ ಸಿಗುವುದೂ ಅಷ್ಟೇ ಹೊತ್ತು ಮುಂಚೆ. ಮೂರು ತಿಂಗಳ ಮುಂಚೆ ಯಾರಾದರೂ ಇಂಥ ದಿನ ಅರೋರಾ ಗ್ಯಾರಂಟಿ ಅಂದರೆ ನಂಬಬೇಡಿ.

ಸೌರ ಚಕ್ರದ ಮಾತೂ ಬರುತ್ತದೆ ಅಲ್ವಾ? ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಈಗಿನ ಚಕ್ರ ಗರಿಷ್ಠ ಹಂತ ಮುಟ್ಟಿದೆ ಅಂತ 2024ರ ಅಕ್ಟೋಬರ್‌ನಲ್ಲಿ ನಾಸಾ ಹೇಳಿತು. ಇನ್ನು ಇಳಿಮುಖ, ಅವಕಾಶ ತಪ್ಪಿತು ಅಂತ ಗಾಬರಿ ಬೀಳುವ ಅಗತ್ಯ ಇಲ್ಲ. ಉಂಗುರದ ಕೆಳಗೇ ಹೋಗುವವರಿಗೆ ಚಕ್ರದ ಯಾವ ವರ್ಷವಾದರೂ ನಡೆಯುತ್ತದೆ. ಗರಿಷ್ಠದ ನಂತರದ ವರ್ಷಗಳಲ್ಲಿ ವೇಗದ ಸೌರ ಮಾರುತ ಚೆಲ್ಲುವ ಕಪ್ಪು ಪ್ರದೇಶಗಳು ಸೂರ್ಯನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಸೂರ್ಯ ಸುಮಾರು 27 ದಿನಕ್ಕೊಮ್ಮೆ ತಿರುಗಿದಂತೆ ಅವು ಮತ್ತೆ ಮತ್ತೆ ನಮ್ಮ ಕಡೆ ಮುಖ ಮಾಡುತ್ತವೆ.

ಟ್ರೋಮ್ಸೊನಾ, ಅಬಿಸ್ಕೋನಾ?

ಈಗ ಮೋಡದ ವಿಷಯ. ಟ್ರೋಮ್ಸೊ ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 350 ಕಿಲೋಮೀಟರ್ ಉತ್ತರಕ್ಕಿದೆ. ಆದರೂ ಜನವರಿಯ ಸರಾಸರಿ ಉಷ್ಣತೆ ಮೈನಸ್ 4 ಡಿಗ್ರಿ ಆಸುಪಾಸು. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಕರಾವಳಿಯುದ್ದಕ್ಕೂ ಹರಿದು ಅಲ್ಲಿಯ ಸಮುದ್ರ ಹೆಪ್ಪುಗಟ್ಟದಂತೆ ಕಾಯುತ್ತದೆ. ಇದು ಅನುಕೂಲವೂ ಹೌದು, ತೊಂದರೆಯೂ ಹೌದು. ಬೆಚ್ಚಗಿನ ಸಮುದ್ರದಿಂದ ತೇವ ಎದ್ದು, ತೀರದಲ್ಲೇ ನಿಂತ ಕಡಿದಾದ ಬೆಟ್ಟಗಳಿಗೆ ಡಿಕ್ಕಿ ಹೊಡೆದು ಮೋಡವಾಗುತ್ತದೆ. ಕೆಲವು ವಾರ ಸೂರ್ಯ, ಚಂದ್ರ, ಅರೋರಾ ಯಾವುದೂ ಇಲ್ಲದೆ ಬರೀ ಹಿಮ ಸುರಿಯುತ್ತದೆ.

ಸ್ವೀಡನ್ನಿನ ಅಬಿಸ್ಕೋ ಇದೇ ಬೆಟ್ಟಸಾಲಿನ ಆಚೆ ಬದಿಯಲ್ಲಿದೆ. ಆಗುಂಬೆಯಲ್ಲಿ ಜಡಿಮಳೆ ಸುರಿಯುವಾಗ ಚಳ್ಳಕೆರೆಯಲ್ಲಿ ಬಿಸಿಲು ಇರುವುದಕ್ಕೆ ಏನು ಕಾರಣವೋ ಇಲ್ಲೂ ಅದೇ. ಪಶ್ಚಿಮದಿಂದ ಬಂದ ತೇವವನ್ನೆಲ್ಲ ಬೆಟ್ಟಗಳು ಹಿಂಡಿಕೊಳ್ಳುತ್ತವೆ. ಇಳಿದು ಬರುವ ಗಾಳಿ ಒಣಗಿರುತ್ತದೆ. ಅಬಿಸ್ಕೋದಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 300 ಮಿಲಿಮೀಟರ್. ಸ್ವೀಡನ್ನಿನಲ್ಲೇ ಅತಿ ಒಣ ಊರುಗಳಲ್ಲಿ ಅದೂ ಒಂದು. ನಾರ್ವೆಯ ಗಡಿಗೆ ಅಂಟಿಕೊಂಡ ರಿಕ್ಸ್‌ಗ್ರೆನ್ಸೆನ್ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ, ಅಲ್ಲಿ ಬೀಳುವುದು ಇದರ ಎರಡು ಮೂರು ಪಟ್ಟು. ಅಬಿಸ್ಕೋದ ಪಕ್ಕದ ಟೋರ್ನೆತ್ರೆಸ್ಕ್ ಸರೋವರದ ಮೇಲೆ, ಸುತ್ತ ಮೋಡ ಕವಿದಿದ್ದಾಗಲೂ ಒಂದು ತುಂಡು ಆಕಾಶ ತೆರೆದಿರುವುದು ಎಷ್ಟೋ ಸಲ ಕಾಣುತ್ತದೆ. ಅಲ್ಲಿನವರು ಅದನ್ನು ನೀಲಿ ಕಿಂಡಿ ಅಂತಲೇ ಕರೆಯುತ್ತಾರೆ.

ಹಾಗಾದರೆ ಸೀದಾ ಅಬಿಸ್ಕೋಗೇ ಹೋಗಿಬಿಡೋಣ ಅನ್ನಿಸಬಹುದು. ಅದು ಪುಟ್ಟ ಹಳ್ಳಿ. ಒಂದು ದಿನಸಿ ಅಂಗಡಿ, ಕೆಲವು ವಸತಿಗಳು, ರಾಷ್ಟ್ರೀಯ ಉದ್ಯಾನ, ಅಷ್ಟೇ. ಚಳಿ ಮೈನಸ್ 20, ಕೆಲವೊಮ್ಮೆ 30ರ ಹತ್ತಿರಕ್ಕೂ ಇಳಿಯುತ್ತದೆ. ಹಗಲು ಹೊತ್ತು ಹಿಮದಲ್ಲಿ ನಡೆಯುವುದು, ನಾಯಿಗಾಡಿ ಬಿಟ್ಟರೆ ಬೇರೆ ಕಾಲಹರಣ ಕಡಿಮೆ. ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಟ್ರೋಮ್ಸೊ ಸುಲಭ. ಅಲ್ಲಿ ಆಸ್ಪತ್ರೆ, ಮ್ಯೂಸಿಯಂ, ಕೇಬಲ್ ಕಾರ್, ಊಟದ ಹೋಟೆಲ್ ಎಲ್ಲ ಇದೆ. ಜೊತೆಗೆ ಮೋಡವಿಲ್ಲದ ಆಕಾಶ ಬೆನ್ನಟ್ಟುವ ವ್ಯಾನುಗಳಿವೆ. ಕರಾವಳಿಯಲ್ಲಿ ಮೋಡ ಮುಚ್ಚಿದರೆ ಅವು ಒಳನಾಡಿಗೆ, ಬೇಕಾದರೆ ಫಿನ್‌ಲೆಂಡ್ ಗಡಿಯಾಚೆಯ ಕಿಲ್ಪಿಸ್‌ಯಾರ್ವಿವರೆಗೂ, ಎರಡೂವರೆ ಗಂಟೆ ಓಡಿಸುತ್ತವೆ. ತಲೆಗೆ ಸಾವಿರ ಕ್ರೋನರ್ ಮೇಲೆಯೇ ಆಗುತ್ತದೆ. ದುಬಾರಿ ನಿಜ. ಆದರೆ ಇಡೀ ಪ್ರವಾಸದಲ್ಲಿ ಅರೋರಾ ಕಾಣುವ ಸಾಧ್ಯತೆಯನ್ನು ನಿಜವಾಗಿ ಹೆಚ್ಚಿಸುವ ಖರ್ಚುಗಳಲ್ಲಿ ಇದೂ ಒಂದು. ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಮೋಡ ಇದ್ದರೆ ಎಷ್ಟು ದೂರ ಹೋಗುತ್ತೀರಿ? ಒಂದೇ ಕ್ಯಾಂಪಿಗೆ ಕರೆದುಕೊಂಡು ಹೋಗಿ ಬಿಸಿ ಸೂಪ್ ಕೊಟ್ಟು ಕೂರಿಸುವವರು ಬೇರೆ, ಬೆನ್ನಟ್ಟುವವರು ಬೇರೆ. ಗಡಿ ದಾಟುವ ಸಾಧ್ಯತೆ ಇರುವುದರಿಂದ ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಗಾಜಿನ ಇಗ್ಲೂ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಸಿಗೆಯಲ್ಲಿ ಮಲಗಿ ಅರೋರಾ ನೋಡುವ ಆ ಫೋಟೋ ಯಾರನ್ನೂ ಸೆಳೆಯುತ್ತದೆ. ನನ್ನ ಪ್ರಕಾರ ಅದು ದುಡ್ಡಿಗೆ ತಕ್ಕ ಆಯ್ಕೆ ಅಲ್ಲ. ಮೋಡ ಬಂದರೆ ನೀವು ದುಬಾರಿ ಗಾಜಿನ ಕೆಳಗೆ ಬಂದಿ. ಒಂದು ಇಗ್ಲೂ ರಾತ್ರಿಯ ದುಡ್ಡಿನಲ್ಲಿ ಸಾದಾ ಹೋಟೆಲಿನ ಎರಡು ರಾತ್ರಿ ಜಾಸ್ತಿ ಸಿಗುತ್ತದೆ. ಆ ಎರಡು ರಾತ್ರಿ ಬೆಲೆಬಾಳುತ್ತವೆ.

ಎಷ್ಟು ಅಂತ ನೋಡೋಣ. ಒಂದು ರಾತ್ರಿ ಆಕಾಶ ತಿಳಿಯಾಗಿ ಅರೋರಾ ಕಾಣುವ ಸಾಧ್ಯತೆ ನೂರಕ್ಕೆ 40 ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದೇ ರಾತ್ರಿ ಇದ್ದರೆ ಬರಿಗೈಯಲ್ಲಿ ಮರಳುವ ಸಾಧ್ಯತೆ 60. ಎರಡು ರಾತ್ರಿಗೆ ಅದು 36ಕ್ಕೆ ಇಳಿಯುತ್ತದೆ. ಮೂರಕ್ಕೆ 22, ನಾಲ್ಕಕ್ಕೆ 13, ಐದಕ್ಕೆ 8. ನಾಲ್ಕರ ನಂತರ ಪ್ರತಿ ರಾತ್ರಿಯ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಹವಾಮಾನಕ್ಕೆ ನೆನಪಿನ ಶಕ್ತಿ ಇದೆ. ಇವತ್ತು ಮೋಡ ಇದ್ದರೆ ನಾಳೆಯೂ ಇರುವ ಸಾಧ್ಯತೆ ಹೆಚ್ಚು. ಒಂದೇ ಊರಿನಲ್ಲಿ ಐದು ರಾತ್ರಿ ಕೂತು ಐದೂ ರಾತ್ರಿ ಹಿಮ ಸುರಿದದ್ದು ನೋಡಿ ಬಂದವರಿದ್ದಾರೆ. ಅದಕ್ಕೇ ರಾತ್ರಿಗಳನ್ನು ಬೆಟ್ಟದ ಎರಡೂ ಬದಿಗೆ ಹಂಚುವುದು ಜಾಣತನ. ಮೂರು ಅಬಿಸ್ಕೋದಲ್ಲಿ, ಮೂರು ಟ್ರೋಮ್ಸೊದಲ್ಲಿ. ಒಂದು ಕಡೆ ಕೈಕೊಟ್ಟ ಗಾಳಿ ಇನ್ನೊಂದು ಕಡೆ ಕೈಹಿಡಿಯಬಹುದು.

ಇದಕ್ಕೆ ದಾರಿಯೂ ಚೆನ್ನಾಗಿದೆ. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹತ್ತಿದರೆ ಸುಮಾರು 18 ಗಂಟೆಯಲ್ಲಿ ಅಬಿಸ್ಕೋ. ಅಲ್ಲಿ ಎರಡು ನಿಲ್ದಾಣ ಇವೆ, ಹಳ್ಳಿಗೆ ಒಂದು, ಪ್ರವಾಸಿ ತಂಗುದಾಣಕ್ಕೆ ಒಂದು. ಎಲ್ಲಿ ಇಳಿಯಬೇಕು ಅಂತ ಮೊದಲೇ ನೋಡಿಕೊಳ್ಳಿ. ಅಬಿಸ್ಕೋದಿಂದ ಅದೇ ಹಳಿ ಬೆಟ್ಟ ಇಳಿದು ನಾರ್ವೆಯ ನಾರ್ವಿಕ್ ಬಂದರಿಗೆ ಹೋಗುತ್ತದೆ. ಸ್ವೀಡನ್ನಿನ ಕಿರುನಾ ಊರಿನ ಕಬ್ಬಿಣದ ಅದಿರು ಸಾಗಿಸಲು 1900ರ ದಶಕದ ಶುರುವಿನಲ್ಲಿ ಹಾಕಿದ ಲೈನ್ ಇದು. ಆ ಗಣಿ ಎಷ್ಟು ದೊಡ್ಡದೆಂದರೆ ನೆಲ ಕುಸಿಯುವ ಭಯಕ್ಕೆ ಕಿರುನಾ ಊರನ್ನೇ ಜರುಗಿಸುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಮರದ ಚರ್ಚನ್ನು ಇಡಿಯಾಗಿ ಎತ್ತಿ 5 ಕಿಲೋಮೀಟರ್ ಆಚೆಗೆ ಸಾಗಿಸಿದರು. ನಾರ್ವಿಕ್‌ನಿಂದ ಟ್ರೋಮ್ಸೊಗೆ ರೈಲಿಲ್ಲ, ನಾಲ್ಕು ಗಂಟೆಯ ಬಸ್ಸು. ಟ್ರೋಮ್ಸೊದಿಂದ ಓಸ್ಲೋಗೆ ಎರಡು ಗಂಟೆಯ ವಿಮಾನ. ಅದಿರು ರೈಲು ಹಳಿ ತಪ್ಪಿ 2023ರ ಡಿಸೆಂಬರ್‌ನಿಂದ ಎರಡು ತಿಂಗಳು ಈ ಲೈನ್ ಬಂದ್ ಆಗಿದ್ದೂ ಉಂಟು. ಹೊರಡುವ ಮೊದಲು ರೈಲು ಓಡುತ್ತಿದೆಯಾ ಅಂತ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಯಾವ ತಿಂಗಳು?

ಸೆಪ್ಟೆಂಬರ್‌ನಿಂದ ಏಪ್ರಿಲ್ ಶುರುವಿನವರೆಗೆ ಕತ್ತಲು ಇರುತ್ತದೆ. ಡಿಸೆಂಬರ್ ಅಂದರೆ ಜನಕ್ಕೆ ಮೋಹ. ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಮಧ್ಯಾಹ್ನ ಎರಡು ಮೂರು ಗಂಟೆ ನೀಲಿ ಮಬ್ಬು ಬೆಳಕು, ಆಮೇಲೆ ಕತ್ತಲು. ಊರಿನವರಿಗೇ ಅದು ಸಾಕಾಗಿ, ಜನವರಿ 21ರಂದು ಬೆಟ್ಟದ ಸಂದಿಯಿಂದ ಸೂರ್ಯ ಇಣುಕಿದ ದಿನ ಸಿಹಿ ಬನ್ ತಿಂದು ಸಂಭ್ರಮಿಸುತ್ತಾರೆ. ಕ್ರಿಸ್‌ಮಸ್ ಅಂತ ಬೆಲೆ ಗಗನಕ್ಕೇರಿರುತ್ತದೆ, ಮೋಡವೂ ಜಾಸ್ತಿ.

ನನ್ನ ಓಟು ಫೆಬ್ರವರಿ ಕೊನೆಯಿಂದ ಮಾರ್ಚ್ ಮೂರನೇ ವಾರದವರೆಗಿನ ದಿನಗಳಿಗೆ. ಹಿಮ ದಪ್ಪಗಿರುತ್ತದೆ, ಹಗಲು ಸುತ್ತಾಡಲು ಬಿಸಿಲಿರುತ್ತದೆ, ರಾತ್ರಿಯೂ ಸಾಕಷ್ಟು ಉದ್ದ. ಆಕಾಶ ಚಳಿಗಾಲದ ಮೊದಲರ್ಧಕ್ಕಿಂತ ಒಣಗಿರುತ್ತದೆ. ಹಗಲು ರಾತ್ರಿ ಸಮನಾಗುವ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಭೂಮಿಯ ಓರೆ ಮತ್ತು ಸೌರ ಮಾರುತದ ಕಾಂತಕ್ಷೇತ್ರ ಹೊಂದಿಕೊಳ್ಳುವ ರೀತಿಯಿಂದ ಅರೋರಾ ಚಟುವಟಿಕೆ ತುಸು ಹೆಚ್ಚು. ಚಳಿ ತಡೆಯದವರು ಸೆಪ್ಟೆಂಬರ್ ಕೊನೆ ಆರಿಸಿಕೊಳ್ಳಬಹುದು. ಹಿಮ ಇರುವುದಿಲ್ಲ, ಆದರೆ ಸರೋವರಗಳು ಹೆಪ್ಪುಗಟ್ಟದೆ ಅರೋರಾದ ಬಿಂಬ ನೀರಲ್ಲಿ ಕಾಣುತ್ತದೆ. ಹುಣ್ಣಿಮೆಗೆ ಹೆದರಿ ದಿನಾಂಕ ಬದಲಿಸಬೇಡಿ. ಮಸುಕು ಅರೋರಾ ಬೆಳದಿಂಗಳಿಗೆ ಮಂಕಾಗುತ್ತದೆ, ಜೋರಾಗಿದ್ದದ್ದು ಆಗುವುದಿಲ್ಲ. ಹಿಮದ ಬೆಟ್ಟಗಳೂ ಚೆನ್ನಾಗಿ ಕಾಣುತ್ತವೆ.

ಕಣ್ಣಿಗೆ ಕಾಣುವುದು, ಫೋನಿಗೆ ಕಾಣುವುದು

ಇದನ್ನು ಯಾವ ಟೂರ್ ಜಾಹೀರಾತೂ ಹೇಳುವುದಿಲ್ಲ. ಮಸುಕಾದ ಅರೋರಾ ಕಣ್ಣಿಗೆ ಹಸಿರಾಗಿ ಕಾಣುವುದಿಲ್ಲ. ಬೂದು ಬಣ್ಣದ ತೆಳು ಮೋಡದಂತಿರುತ್ತದೆ. ಕಡಿಮೆ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೆಲಸ ಮಾಡುವುದಿಲ್ಲ. ಕ್ಯಾಮೆರಾ ಮೂರು ನಾಲ್ಕು ಸೆಕೆಂಡು ಬೆಳಕು ಕೂಡಿಹಾಕುವುದರಿಂದ ಅದಕ್ಕೆ ಹಸಿರು ಸಿಗುತ್ತದೆ. ಅನುಮಾನ ಬಂದರೆ ಫೋನಿನ ನೈಟ್ ಮೋಡ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಹಸಿರು ಬಂದರೆ ಅರೋರಾ, ಬೂದು ಬಂದರೆ ಮೋಡ. ಅರೋರಾ ಜೋರಾದಾಗ ಮಾತ್ರ ಯಾವ ಪರೀಕ್ಷೆಯೂ ಬೇಡ. ಹಸಿರು ಪರದೆ ಆಕಾಶದ ಉದ್ದಕ್ಕೂ ಓಡುತ್ತದೆ, ಅಂಚಿನಲ್ಲಿ ಗುಲಾಬಿ ಮಿಂಚುತ್ತದೆ, ನೆಲದ ಹಿಮವೂ ಹಸಿರಾಗುತ್ತದೆ.

ಆ ಜೋರು ಘಳಿಗೆ ಹತ್ತಿಪ್ಪತ್ತು ನಿಮಿಷದ್ದು. ಆಮೇಲೆ ಮಂಕಾಗಿ, ಮತ್ತೆ ಶಕ್ತಿ ಜಮಾ ಆಗಲು ಗಂಟೆ ಎರಡು ಗಂಟೆ ಹಿಡಿಯುತ್ತದೆ. ರಾತ್ರಿ ಒಂಬತ್ತರಿಂದ ಒಂದರ ನಡುವೆ ಸಾಧ್ಯತೆ ಹೆಚ್ಚು. ಹೊರಗೆ ಹೋಗಿ ಐದು ನಿಮಿಷ ನೋಡಿ ಏನಿಲ್ಲ ಅಂತ ಒಳಗೆ ಬಂದರೆ ಪ್ರಯೋಜನವಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೇ 20 ನಿಮಿಷ ಬೇಕು. ನಡುನಡುವೆ ಫೋನಿನ ಪರದೆ ನೋಡಿದರೆ ಅದೂ ಹಾಳು.

ಅಷ್ಟು ಹೊತ್ತು ಚಳಿಯಲ್ಲಿ ನಿಲ್ಲಬೇಕು ಅಂದರೆ ಬಟ್ಟೆಯ ವಿಷಯ ಬರುತ್ತದೆ. ಹತ್ತಿ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ಕೊರೆಯುತ್ತದೆ. ಒಳಗೆ ಉಣ್ಣೆಯ ತೆಳು ಬನಿಯನ್, ಮಧ್ಯೆ ಸ್ವೆಟರ್, ಮೇಲೆ ಗಾಳಿ ತಡೆಯುವ ಕೋಟು. ದಪ್ಪ ಕೋಟು, ಬೂಟುಗಳನ್ನು ಬೆಂಗಳೂರಿನಲ್ಲಿ ಕೊಂಡು ಆಮೇಲೆ ಅಟ್ಟದಲ್ಲಿ ಇಡುವ ಬದಲು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಎಷ್ಟೋ ಟೂರ್‌ಗಳು ಮೈತುಂಬ ಮುಚ್ಚುವ ಸೂಟ್ ಕೊಡುತ್ತವೆ. ಬೂಟು ಒಂದು ಸೈಜ್ ದೊಡ್ಡದಿರಲಿ. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಉಣ್ಣೆ ಬಟ್ಟೆ ಮಾತ್ರ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ತಡವಾಗಿ ಬಂದರೂ ಮೊದಲ ರಾತ್ರಿ ನಡೆಯುತ್ತದೆ. ಫೋನಿನ ಬ್ಯಾಟರಿ ಚಳಿಗೆ ಬೇಗ ಬೀಳುತ್ತದೆ, ಒಳಜೇಬಿನಲ್ಲಿಡಿ.

ಊಟಕ್ಕೆ ಅಡುಗೆಮನೆ ಇರುವ ವಸತಿ ಹಿಡಿಯುವುದು ಸಸ್ಯಾಹಾರಿಗಳಿಗೂ ಜೇಬಿಗೂ ಒಳ್ಳೆಯದು. ಚಟ್ನಿಪುಡಿ, ಅವಲಕ್ಕಿ, ಬಿಸಿನೀರು ಹಾಕಿ ತಿನ್ನುವ ಉಪ್ಪಿಟ್ಟು ತಂದರೆ ತೊಂದರೆ ಇಲ್ಲ. ಹಾಲಿನ, ಮಾಂಸದ ಪದಾರ್ಥಗಳನ್ನು ಭಾರತದಿಂದ ತರುವ ಹಾಗಿಲ್ಲ. ಕಾರು ಬಾಡಿಗೆಗೆ ಪಡೆದು ನಾನೇ ಓಡಿಸುತ್ತೇನೆ ಅನ್ನುವವರಿಗೆ ಒಂದು ಮಾತು: ಕತ್ತಲಲ್ಲಿ, ಮಂಜುಗಡ್ಡೆಯ ರಸ್ತೆಯಲ್ಲಿ, ಅಡ್ಡ ಬರುವ ಹಿಮಸಾರಂಗಗಳ ನಡುವೆ ಆಕಾಶ ನೋಡುತ್ತಾ ಓಡಿಸುವ ಕೆಲಸ ಅದು. ಬೇಡ.

ವೀಸಾ ಮತ್ತು ಬುಕಿಂಗ್

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಷೆಂಗೆನ್ ಗುಂಪಿನಲ್ಲಿದೆ. ಒಂದೇ ವೀಸಾದಲ್ಲಿ ಸ್ವೀಡನ್, ನಾರ್ವೆ, ಫಿನ್‌ಲೆಂಡ್ ಮೂರೂ ಆಗುತ್ತದೆ. ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಸಮ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಮೂರು-ಮೂರು ಲೆಕ್ಕದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದು ರಾತ್ರಿ, ಓಸ್ಲೋದಲ್ಲಿ ಒಂದು ರಾತ್ರಿ ಸೇರಿದರೆ ಯಾವ ಕಡೆಗೆ ತಕ್ಕಡಿ ವಾಲುತ್ತದೆ ಎಂದು ಮೊದಲೇ ಎಣಿಸಿ. 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಸ್ವಾಲ್‌ಬಾರ್ಡ್ ನಾರ್ವೆಯದ್ದೇ ಆದರೂ ಷೆಂಗೆನ್ ಹೊರಗೆ. ಅಲ್ಲಿಗೆ ಹೋಗಿ ವಾಪಸ್ ಬರಲು ಎರಡು ಸಲ ಒಳಬರುವ ವೀಸಾ ಬೇಕು. ಇದು ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವುದು ಸುಲಭ.

ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ಅಲ್ಲಿನ ವಾಸದ ಪರವಾನಗಿಯೇ ಸಾಕು. ಅವರ ಪ್ಲಾನ್ ಉಲ್ಟಾ ಆಗಬೇಕು. ತಿಂಗಳುಗಟ್ಟಲೆ ಮುಂಚೆ ಏನೂ ಬುಕ್ ಮಾಡದೆ, ಮೂರು ನಾಲ್ಕು ದಿನದ ಹವಾಮಾನ ನೋಡಿ, ಆಕಾಶ ತಿಳಿ ಅಂತ ಬಂದಾಗ ವಿಮಾನ ಹತ್ತುವುದು. ನಾರ್ವೆಯ ಹವಾಮಾನ ಇಲಾಖೆಯ ಮುನ್ಸೂಚನೆ ಉಚಿತ, ಮೋಡ ಗಂಟೆ ಗಂಟೆಗೆ ಎಷ್ಟು ಎಂಬುದನ್ನೂ ತೋರಿಸುತ್ತದೆ. ಲಂಡನ್‌ನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಮಾತ್ರ ಈ ಸೌಲಭ್ಯ ಇಲ್ಲ, ಅವರೂ ಷೆಂಗೆನ್ ವೀಸಾ ಮಾಡಿಸಬೇಕು.

ಭಾರತದಿಂದ ಹೊರಡುವವರು ಪ್ರವಾಸಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಮಾರ್ಚ್ ಪ್ರವಾಸಕ್ಕೆ ಸೆಪ್ಟೆಂಬರ್‌ನಿಂದ ಅಂತಾಯಿತು. ನಿಯಮದ ಪ್ರಕಾರ ತೀರ್ಮಾನಕ್ಕೆ 15 ದಿನ, ಕೆಲವು ಅರ್ಜಿಗಳಿಗೆ 45 ದಿನ. ಅಪಾಯಿಂಟ್‌ಮೆಂಟ್ ಸಿಗುವುದೂ ತಡವಾಗಬಹುದು, ಹಾಗಾಗಿ ದೀಪಾವಳಿ ಹೊತ್ತಿಗೆ ಕಾಗದಪತ್ರ ರೆಡಿ ಇರಲಿ. ಅಬಿಸ್ಕೋದಲ್ಲಿ ರೂಮುಗಳೇ ಕಡಿಮೆ, ಆದ್ದರಿಂದ ಮೊದಲು ಅಲ್ಲಿಯ ಮೂರು ರಾತ್ರಿ ಹಿಡಿಯಿರಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರದಲ್ಲಿ. ಆಮೇಲೆ ರಾತ್ರಿ ರೈಲು, ಆಮೇಲೆ ಟ್ರೋಮ್ಸೊ, ವೀಸಾ ಬಂದ ಮೇಲೆ ಬೆಂಗಳೂರಿನಿಂದ ವಿಮಾನ. ತಿಳಿ ಆಕಾಶ ಬೆನ್ನಟ್ಟುವ ವ್ಯಾನ್ ಸೀಟನ್ನು ಟ್ರೋಮ್ಸೊದ ಕೊನೆಯ ರಾತ್ರಿಗೆ ಇಡಬೇಡಿ, ಮೊದಲನೆಯದಕ್ಕೆ ಇಡಿ. ಹಿಮಗಾಳಿಗೆ ಅದು ರದ್ದಾದರೂ ಇನ್ನೆರಡು ರಾತ್ರಿ ಕೈಲಿರುತ್ತವೆ.